ಹಿಂದಿನ ಅಚ್ಚು

ನಾಗವೇಣಿ ಒಮ್ನಿ ಗಾಡಿಯ ಕೆಳಗೆ ಅಂಗಾತ ಮಲಗಿ, ದಾರದ ಒಂದು ತುದಿಯನ್ನು ಹಿಂದಿನ ಅಚ್ಚಿನ ಬಲಗಡೆಗೆ ಒತ್ತಿ ಹಿಡಿದಿದ್ದಳು. ಇನ್ನೊಂದು ತುದಿ ಮುಂದಿನ ಎಡಗಡೆಯ ಬೋಲ್ಟಿನ ಮೇಲೆ, ಪಕ್ಕದ ಶೆಡ್ಡಿನ ಪೀರಾ ಸಾಬನ ಹೆಬ್ಬೆರಳಿನ ಕೆಳಗಿತ್ತು. ಹೊರಗೆ ಶಾಮಿಯಾನದ ನೆರಳಲ್ಲಿ ಭಜನೆಯವರು ಒಂದು ಪದ ಮುಗಿಸಿ, ನೀರು ಕುಡಿದು, ಇನ್ನೊಂದನ್ನು ಎತ್ತಿಕೊಂಡರು.

"ಹ್ಯಾಂಗದ ಚಾಚಾ?"

"ಚೂರು ಹೆಚ್ಚದ ಬೇಟಾ. ನಿನ್ನ ಕಡಿಯಿಂದ ಮುಂದಕ ಬಡಿ."

ಅವಳು ಕಟ್ಟಿಗೆಯ ಸುತ್ತಿಗೆಯಿಂದ ಮೆಲ್ಲಗೆ ಬಡಿದಳು. ಎರಡು ಕಡೆಯ ಓರೆ ಅಳತೆಯೂ ಸಮ ಬಂದಿತು. ಅಚ್ಚು ಈಗ ಗಾಡಿಗೆ ನೇರವಾಗಿ ಕೂತಿತ್ತು. ಆದರೆ ಬರೀ ಕೂತಿತ್ತು. ಅದನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯಬೇಕಾದ ಉದ್ದ ರಾಡುಗಳು, ಎಡಕ್ಕೆ ಬಲಕ್ಕೆ ಜಾರದಂತೆ ತಡೆಯಬೇಕಾದ ಅಡ್ಡ ರಾಡು, ಅವುಗಳನ್ನು ಹೊತ್ತ ಕಬ್ಬಿಣದ ಕಿವಿಗಳು, ಎಲ್ಲವೂ ಸದ್ಯಕ್ಕೆಂದು ಹಾಕಿದ ಚುಕ್ಕಿ ಬೆಸುಗೆಯ ಮೇಲೆ ನಿಂತಿದ್ದವು. ಕೆಲಸ ಮುಗಿಯುವ ತನಕ ಅಚ್ಚು ಅಲ್ಲಾಡದಿರಲಿ ಎಂದು ಅಪ್ಪ ಚಾಸಿಗೆ ಬಿಗಿದಿದ್ದ ಆ್ಯಂಗಲ್ ಕಬ್ಬಿಣದ ತುಂಡುಗಳಲ್ಲಿ ಎರಡು ನಿನ್ನೆ ಸಂಜೆ ಬಿಟ್ಟುಕೊಂಡಿದ್ದವು. ಅಪ್ಪನನ್ನು ಗಾಡಿಯ ಕೆಳಗಿನಿಂದ ಎಳೆದು ತೆಗೆಯುವ ಗಡಿಬಿಡಿಯಲ್ಲಿ ಯಾರದೋ ಕಾಲು ತಾಗಿ ಜಾಕು ಜರುಗಿತ್ತು.

ಅವಳ ಅಪ್ಪ ಅಯ್ಯಪ್ಪ ಎದೆ ಉರಿಯುತ್ತದೆ ಎಂದಿದ್ದನಂತೆ. ಪೀರಾ ಸಾಬ್ ತನ್ನ ಟ್ರ್ಯಾಲಿ ಶೆಡ್ಡಿನಿಂದ ಓಡಿ ಬರುವಷ್ಟರಲ್ಲಿ ಕಣ್ಣು ಮೇಲಾಗಿದ್ದವು.

ಗಾಡಿಯ ಪಕ್ಕ ಒಂದು ಜೊತೆ ಬರಿಗಾಲು ಬಂದು ನಿಂತವು. ಅಪ್ಪನ ತಮ್ಮ ಆನಂದ. ತಮ್ಮ ಊರು ಜಾಲಹಳ್ಳಿಯಿಂದ ನಸುಕಿನಲ್ಲೇ ಬಂದವನು.

"ನಾಗವೇಣಿ, ಹೊರಗ ಬಾ. ವ್ಯಾನ್ ಬಂದು ನಿಂತದ. ಹೆಣ ಇಟಗೊಂಡು ಗಾಡಿ ಕಟ್ಟೋರನ್ನ ನಾ ಎಲ್ಲೂ ನೋಡಿಲ್ಲ."

"ಸ್ವಲ್ಪ ತಡಿ ಕಾಕಾ."

"ಊರಾಗ ಕುಣಿ ತೋಡಿಸೀನಿ. ಮಂದಿ ಕಾಯಾಕತ್ತಾರ. ಈ ಬಿಸಿಲಾಗ ಎಷ್ಟಂತ ತಡೀಲಿ?"

"ಅವ್ವ ಬ್ಯಾರೆ ಗಾಡಿ ಹತ್ತಂಗಿಲ್ಲ ಅಂಬೋದು ನಿನಗ ಗೊತ್ತಿಲ್ಲೇನು?"

"ಹತ್ತದಿದ್ರ ಇಲ್ಲೇ ಇರ್ಲಿ. ಮಣ್ಣಿಗಿ ಹೆಂಗಸ್ರು ಬರ್ಲೇಬೇಕಂತೇನಿಲ್ಲ. ಓಣಿ ಮಂದಿ ಇರ್ತಾರ ಆಕಿ ಸಂಗಾಟ."

ನಾಗವೇಣಿ ಗಾಡಿಯ ಕೆಳಗಿನಿಂದ ಮುಖವನ್ನಷ್ಟೇ ಹೊರಗೆ ಹಾಕಿದಳು. ಕೆನ್ನೆಯ ಮೇಲೆ ಗ್ರೀಸು ಬೆವರಿನೊಂದಿಗೆ ಇಳಿದಿತ್ತು.

"ವಿನ್ಯಾನ ಮಣ್ಣಿಗೂ ನೀವು ಹಿಂಗೇ ಅಂದಿದ್ರಿ, ಕಾಕಾ."

ಆನಂದನ ಕಾಲುಗಳು ತಿರುಗಿ ಶಾಮಿಯಾನದ ಕಡೆ ಹೊರಟವು.

•

ಆಗ ನಾಗವೇಣಿ ಹತ್ತನೆಯ ತರಗತಿ. ಪರೀಕ್ಷೆ ಇದೆ ಎಂದು ಅವಳೊಬ್ಬಳೇ ರಾಯಚೂರಲ್ಲಿ ಉಳಿದಿದ್ದಳು. ಜಾಲಹಳ್ಳಿಯಲ್ಲಿ ಅತ್ತೆಯ ಮಗಳ ಮದುವೆ ಮುಗಿಸಿ ಅಪ್ಪ, ಅವ್ವ, ಮನೆಯವರೆಲ್ಲ ವಿನ್ಯಾ ಎನ್ನುವ ತಮ್ಮ ವಿನೋದ ಪ್ಯಾಸೆಂಜರ್ ಜೀಪಿನಲ್ಲಿ ಬರುತ್ತಿದ್ದರು. ಒಳಗೆ ಕಾಲಿಡಲು ಜಾಗವಿಲ್ಲ. ಅಪ್ಪ ಮೇಲೆ ಕ್ಯಾರಿಯರಿನಲ್ಲಿ ಕೂತಿದ್ದ. ಅವ್ವ ಹಿಂದಿನ ಬಾಗಿಲ ಬಳಿ, ವಿನೋದ ಅವಳ ತೊಡೆಯ ಮೇಲೆ.

ಗಬ್ಬೂರು ಇನ್ನೂ ಮುಂದಿರುವಾಗ ಕಾಲುವೆಯ ತಿರುವು. ಅಲ್ಲಿ ಜೀಪಿನ ಹಿಂಭಾಗ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ನಡೆಯಿತು ಎಂದು ಅಪ್ಪ ಹೇಳುತ್ತಿದ್ದ. ಡ್ರೈವರ್ ಸ್ಟೇರಿಂಗ್ ಎಡಕ್ಕೆ ಹಿಡಿದರೂ ಗಾಡಿ ಬಲಕ್ಕೆ ಹೋಗಿ ಕಾಲುವೆಗೆ ಉರುಳಿತು. ಗಾಡಿಯ ಭಾರ ಹೊರುವ ಕಮಾನು ಪಟ್ಟಿಯನ್ನು ಅಚ್ಚಿಗೆ ಬಿಗಿದ ಬೋಲ್ಟು ಕಡಿದು, ಅಚ್ಚು ಹಿಂದಕ್ಕೆ ಸರಿದಿತ್ತು.

ವಿನೋದ ಅಲ್ಲೇ ಹೋದ. ಅವ್ವ ಗೋಪಮ್ಮನ ಬೆನ್ನು ಮುರಿಯಿತು. ಅವಳು ಆಸ್ಪತ್ರೆಯ ಮಂಚದ ಮೇಲೆ "ನನ್ನ ಮಗನ್ನ ತರ್ರಿ, ಒಂದ್ ಸಲ ತೋರಸ್ರಿ" ಎಂದು ಕೂಗುತ್ತಿದ್ದಾಗ ಜಾಲಹಳ್ಳಿಯಲ್ಲಿ ಅವನನ್ನು ಮಣ್ಣು ಮಾಡಿದ್ದರು. ಬಿಸಿಲು, ಹೆಣ ತಡೆಯದು, ಹೆಂಗಸು ನೋಡಿ ಮಾಡುವುದೇನು ಎಂದು ಹಿರಿಯರೆಲ್ಲ ಸೇರಿ ತೀರ್ಮಾನಿಸಿದ್ದರು. ಅಯ್ಯಪ್ಪ ಎದುರು ಮಾತಾಡಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದದ್ದೇ ಗೋಪಮ್ಮ ಗಾಡಿಯಲ್ಲಿ ಮಾಡಿದ ಕೊನೆಯ ಪ್ರಯಾಣ. ಆಮೇಲೆ ಒಮ್ಮೆ ಆಟೋದಲ್ಲಿ ಕೂರಿಸಿದಾಗ, ಗಾಡಿ ಓಣಿಯ ತಿರುವು ದಾಟುವ ಮೊದಲೇ ಉಸಿರು ಕಟ್ಟಿ ಕಣ್ಣು ತೇಲಿಸಿದಳು. ಡಾಕ್ಟರು ಮನೆಗೇ ಬರತೊಡಗಿದರು. ಮಾನ್ವಿ ರಸ್ತೆಯ ವೆಲ್ಡಿಂಗ್ ಶೆಡ್ಡಿಗೆ ತಾಗಿದ ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಮಂಚ, ಗಾಲಿ ಕುರ್ಚಿ. ಕಿಟಕಿಯಿಂದ ಅವಳು ಗಂಡನ ಬೆಸುಗೆಯ ಕಿಡಿ ನೋಡುತ್ತ ಕೌದಿ ಹೊಲಿಯುತ್ತಿದ್ದಳು.

•

ಕಿವಿಗಳ ಮೇಲಿನ ತುಕ್ಕು ಉಜ್ಜಿ, ನಾಗವೇಣಿ ಮೊದಲ ಬೆಸುಗೆ ಹಾಕಿದ್ದಳಷ್ಟೇ, ಕರೆಂಟು ಹೋಯಿತು. ಯಂತ್ರದ ಗುಂಯ್‌ಗುಡುವಿಕೆ ನಿಂತದ್ದೇ ಭಜನೆಯ ದನಿ ಶೆಡ್ಡಿನ ಒಳಗೆಲ್ಲ ತುಂಬಿಕೊಂಡಿತು. ಪೀರಾ ಸಾಬ್ ಲೈನ್‌ಮ್ಯಾನಿಗೆ ಫೋನು ಹಚ್ಚಿದ.

"ಸಂಜಿ ಆಗ್ತದಂತ ಬೇಟಾ. ಇಡೀ ಲೈನಿಗಿ ಇಲ್ಲ."

ಶಾಮಿಯಾನದ ಹಿಂದೆ ಜನರೇಟರು ಚಾಲೂ ಆಯಿತು. ಅದು ಹೆಣವಿಟ್ಟ ಐಸ್ ಪೆಟ್ಟಿಗೆಗೆಂದು ಶಾಮಿಯಾನದ ವೆಂಕಣ್ಣ ತಂದದ್ದು. ನಾಗವೇಣಿ ಅವನ ಮುಂದೆ ಹೋಗಿ ನಿಂತಳು.

"ಅಣ್ಣಾ, ಇದರಾಗ ವೆಲ್ಡಿಂಗ್ ಮಷೀನ್ ನಡೀತದೇನು?"

ವೆಂಕಣ್ಣ ಅವಳ ಕೈಗವಸು ನೋಡಿದ, ಪೆಟ್ಟಿಗೆ ನೋಡಿದ. "ಎರಡೂ ಎಳಿಯಂಗಿಲ್ಲವ್ವಾ ಇದು. ಪೆಟ್ಟಿಗಿ ನಡಸ್ಬೇಕು, ಇಲ್ಲಾ ಮಷೀನ್ ನಡಸ್ಬೇಕು."

ಆನಂದ ಎದ್ದು ಬಂದ. "ಏನಂದಿ? ಅಪ್ಪನ ಪೆಟ್ಟಿಗಿ ಆರಸ್ತೀಯಾ? ತಲಿ ನೆಟ್ಟಗದೇನು ನಿಂದು?"

"ಮತ್ತೇನ್ ಮಾಡ್ಲಿ ಹೇಳು."

"ಬಿಟ್ಟುಬಿಡು! ಹನ್ನೆರಡರ ಬಿಸಿಲು ನೋಡು. ನಿನ್ನಪ್ಪ ಅಂವ. ಮಂದಿ ಮೂಗು ಮುಚ್ಚಿಗೊಳ್ಳಂಗ ಮಾಡಿ ಕಳಸ್ತೀಯೇನ ಅವನ್ನ?"

ಜನ ಸುತ್ತುಗಟ್ಟಿದರು. ಒಬ್ಬರು ಬ್ಯಾಡ ಎಂದರು, ಇನ್ನೊಬ್ಬರು ಸಂಜೆತನಕ ತಡೆಯೋಣ ಎಂದರು. ಸಂಜೆಗೆ ಹೊರಟರೆ ಊರು ಮುಟ್ಟುವಾಗ ಕತ್ತಲಾಗುತ್ತದೆ ಎಂದು ಮತ್ತೊಬ್ಬರು. ನಾಗವೇಣಿ ಯಾರ ಮುಖವನ್ನೂ ನೋಡದೆ ಪೆಟ್ಟಿಗೆಯ ಗಾಜಿನೊಳಗೆ ನೋಡಿದಳು. ಒಳಗೆ ಅಪ್ಪನ ಹುಬ್ಬಿನ ಮೇಲೆ ತಣ್ಣನೆಯ ಹನಿಗಳು ನಿಂತಿದ್ದವು. ಹೌದು, ಅವನನ್ನು ಬಿಸಿಲಿಗೆ ಬಿಡುವುದು ಯಾವ ಮಗಳ ಕೆಲಸ?

"ಆರಸ್ರಿ."

ಎಲ್ಲರೂ ತಿರುಗಿದರು. ಗಾಲಿ ಕುರ್ಚಿಯನ್ನು ತಾನೇ ತಳ್ಳಿಕೊಂಡು ಗೋಪಮ್ಮ ಹೊಸ್ತಿಲಿಗೆ ಬಂದಿದ್ದಳು. ಅಳುತ್ತ ಹತ್ತಿರ ಬಂದವರನ್ನೆಲ್ಲ ಬೆಳಗಿನಿಂದ ದೂಡುತ್ತಿದ್ದವಳು, ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

"ವೈನಿ, ನೀನರ ತಿಳಕೋ..." ಆನಂದ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಂವ ಜೀವ ಇರೂತನಾ ಬೆಂಕಿ ಮುಂದೇ ಕುಂತಾನ. ಇವತ್ತೊಂದಿನ ಸೆಕಿಗಿ ಹೆದರ್ತಾನೇನು?" ಗೋಪಮ್ಮನ ದನಿ ಒಡೆಯಲಿಲ್ಲ, ಕೈ ಮಾತ್ರ ಕುರ್ಚಿಯ ಗಾಲಿಯನ್ನು ಬಿಗಿಯಾಗಿ ಹಿಡಿದಿತ್ತು. "ಮಗನ್ನ ನೋಡಲಾರದಂಗ ಕಳಿಸಿದ್ರಿ. ಇವನ್ನೂ ಹಂಗೇ ಕಳಸ್ಬೇಕಂತೀರೇನು? ಆರಸ್ರಿ ಪೆಟ್ಟಿಗಿ. ಒದ್ದಿ ಅರಿವಿ ತರ್ರಿ, ನಾ ಒರಸ್ತೀನಿ."

ವೆಂಕಣ್ಣ ಪ್ಲಗ್ಗು ಕಿತ್ತ. ಪೆಟ್ಟಿಗೆಯ ಸದ್ದು ಸಣ್ಣಗಾಗಿ ನಿಂತಿತು.

ಆಮೇಲಿನದನ್ನು ನಾಗವೇಣಿ ಗಾಜಿನ ಹಿಂದಿನಿಂದ ಕಂಡಂತೆ ಕಂಡಳು. ಕೆಳಗೆ ಮಲಗಿ, ಮುಖಕ್ಕೆ ಕವಚ ಇಳಿಸಿ, ಬಲಗಡೆಯ ಕಿವಿಗೆ ತುಸು, ಎಡಗಡೆಯ ಕಿವಿಗೆ ತುಸು ಬೆಸುಗೆ. ಒಂದೇ ಕಡೆ ಹಾಕಿದರೆ ಬಿಸಿಗೆ ಕಬ್ಬಿಣ ಎಳೆದು ಅಚ್ಚು ಓರೆಯಾಗುತ್ತದೆ. ಆತುರ ಮಾಡುವಂತಿಲ್ಲ. ಭಜನೆಯ ತಾಳ ನಿಂತಿತ್ತು. ಜನರೇಟರಿನ ಗದ್ದಲದ ನಡುವೆ ಅವಳಿಗೆ ಅವ್ವನ ದನಿ ಕೇಳಿಸುತ್ತಿತ್ತು: "ನೀರು ಹಾಕ್ರಿ. ಇನ್ನೊಂದ್ ಅರಿವಿ ಕೊಡ್ರಿ. ಬೀಸ್ರಿ."

ಅಡ್ಡ ರಾಡಿನ ಕಿವಿಗೆ ಬಂದಾಗ ಅವಳು ಆತುರ ಮಾಡಿದಳು. ಬೆಸುಗೆ ಉಬ್ಬಿ, ಒಳಗೆ ಪೊಳ್ಳಾಗಿ ಕೂತಿತು. ಪೀರಾ ಸಾಬ್ ಬಗ್ಗಿ ನೋಡಿದ.

"ಹಿಡೀತದ ಬೇಟಾ. ಇವತ್ತಿನಮಟ್ಟಿಗಿ ಸಾಕು. ಮೆಲ್ಲಕ ಹೋಗಮು."

"ಇದು ಸಾಲಂಗಿಲ್ಲ ಚಾಚಾ."

"ಬೇಟಾ, ಅಲ್ಲಿ ನಿನ್ನಪ್ಪ..."

"ಗೊತ್ತದ!" ಅವಳು ಚೀರಿದಳು. ಮತ್ತೆ ಮೆಲ್ಲಗೆ, "ಗೊತ್ತದ ಚಾಚಾ. ಗ್ರೈಂಡರ್ ಕೊಡ್ರಿ."

ಹಾಕಿದ ಬೆಸುಗೆಯನ್ನು ಉಜ್ಜಿ ತೆಗೆದು ಬರಿಯ ಕಬ್ಬಿಣ ಕಾಣಿಸಿ, ಮೊದಲಿನಿಂದ ಹಾಕಿದಳು. ಹೊರಗೆ ಆನಂದ ಯಾರಿಗೋ ಕೂಗುತ್ತಿದ್ದ. ಯಾರೋ ಊದಿನಕಡ್ಡಿಯ ಕಟ್ಟನ್ನೇ ಒಮ್ಮೆಲೆ ಹಚ್ಚಿದರು. ಆ ವಾಸನೆ ಗಾಡಿಯ ಕೆಳಗೂ ಬಂತು. ಏತಕ್ಕೆ ಹಚ್ಚಿದರೆಂದು ಅವಳಿಗೆ ತಿಳಿಯಿತು. ಕವಚದೊಳಗೆ ಕಣ್ಣೀರು ಇಳಿದು ಗಾಜು ಮಂಜಾಯಿತು. ಅವಳು ಕೈ ನಿಲ್ಲಿಸಲಿಲ್ಲ.

ಕೊನೆಗೆ ಆ್ಯಂಗಲ್ ತುಂಡುಗಳನ್ನು ಒಂದೊಂದಾಗಿ ಕೊಯ್ದು ಹಾಕಿದಳು. ಅಚ್ಚು ತನ್ನ ರಾಡುಗಳ ಮೇಲೆ ತಾನೇ ನಿಂತಿತು.

"ನಾವು ಹೊಂಟೀವಿ," ಎಂದ ಆನಂದ. ಅವನ ಮುಖದ ಮೇಲೆ ಸಿಟ್ಟಿರಲಿಲ್ಲ, ದಣಿವಿತ್ತು. "ಇನ್ನ ತಡಿಯೂದು ಆಗಂಗಿಲ್ಲ ಮಗಳೇ. ಸೂರ್ಯ ಇಳಿಯೂತನಾ ಕುಣಿ ಮುಂದ ಕಾಯ್ತೀನಿ. ಅದರ ಮ್ಯಾಲ ನನ್ನ ಕೈಯಾಗಿಲ್ಲ."

ಹೆಣ ಹೊತ್ತ ವ್ಯಾನು ಹೋಯಿತು. ಬೆಸುಗೆಗೆ ನೀರು ಹಾಕಿದರೆ ಬಿರಿಯುತ್ತದೆ, ತಾನಾಗಿ ಆರಬೇಕು. ತಾಯಿ ಮಗಳು ಖಾಲಿ ಶಾಮಿಯಾನದಲ್ಲಿ ಕೂತು ಕಬ್ಬಿಣ ಆರುವುದನ್ನು ಕಾದರು.

•

ಈ ಗಾಡಿಯ ಮಾತು ಶುರುವಾದದ್ದು ಗೋಪಮ್ಮನ ಬಾಯಿಂದಲೇ. ವಿನೋದನ ಜಾಗ ಒಮ್ಮೆ ನೋಡಬೇಕು ಎಂದು ಅವಳು ಹೇಳುತ್ತಲೇ ಇದ್ದಳು. ಒಂದು ದಿನ ಅಯ್ಯಪ್ಪ ಕೇಳಿದ್ದ, "ನಾ ಒಂದು ಗಾಡಿ ಮಾಡಿದ್ರ ಕುಂದ್ರತೀಯೇನ?"

"ನೀ ಕಿಟಕಿ ಮಾಡಾಂವ. ಗಾಡಿ ಮಾಡ್ತೀಯಾ?"

"ಮಾಡಿದ್ರ?"

"ಹಿಂದಿನ ಅಚ್ಚು ಅಲಗ್ಯಾಡದಂಗ ಮಾಡಿದ್ರ ಕುಂದ್ರತೀನಿ. ಈ ಕುರ್ಚಿ ಸಮೇತ. ಯಾರೂ ನನ್ನ ಎತ್ತಬಾರದು."

ಮಾನ್ವಿಯ ಗುಜರಿಯಲ್ಲಿ ಬಿದ್ದಿದ್ದ ಒಮ್ನಿಯನ್ನು ಟ್ರ್ಯಾಲಿಯ ಮೇಲೆ ಹೇರಿಕೊಂಡು ಬಂದ. ಗಾಲಿ ಕುರ್ಚಿ ಹಿಂದಿನಿಂದ ಸೀದಾ ಉರುಳಿ ಒಳಗೆ ಹೋಗಬೇಕೆಂದರೆ ನೆಲ ತಗ್ಗಬೇಕು. ನೆಲ ತಗ್ಗಿದರೆ ಅಚ್ಚು ಅಡ್ಡ ಬರುತ್ತದೆ. ಅವನು ಹಳೆಯ ಅಚ್ಚನ್ನೇ ಬಿಚ್ಚಿ ತೆಗೆದ. ಎಳೆತವನ್ನು ಮುಂದಿನ ಗಾಲಿಗೆ ಕೊಡಲು ಬೇರೊಂದು ಗಾಡಿಯ ಇಂಜಿನ್ನನ್ನೇ ತಂದು ಮುಂದೆ ಕೂರಿಸಿದ. ಹಿಂದಿನ ಗಾಲಿಗಳಿಗೆ ಕುರ್ಚಿಯ ನೆಲದ ಕೆಳಗೆ ಬಾಗಿ ಹಾಯುವ ಹೊಸ ಅಚ್ಚು ಬಗ್ಗಿಸಿದ. ಕಮಾನು ಪಟ್ಟಿ ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಸ್ಪ್ರಿಂಗು ಹಾಕಿದ. ಹೊಟ್ಟೆಪಾಡಿನ ಗೇಟು, ಗ್ರಿಲ್ಲುಗಳನ್ನು ನಾಗವೇಣಿ ನೋಡಿಕೊಂಡಳು. ಅವನು ಒಂದು ಕಿವಿ ಹಚ್ಚುವನು, ಮನಸ್ಸಿಗೆ ಬರದೆ ಕೊಯ್ಯುವನು, ಮತ್ತೆ ಹಚ್ಚುವನು. ವರ್ಷಗಳು ಹೋದವು.

"ಮದಿವಿ ಗಾಡಿ ಮಾಡಾಕತ್ತಾನ ನಿಮ್ಮಪ್ಪ," ಎಂದು ಗೋಪಮ್ಮ ಕಿಟಕಿಯಿಂದ ನಗುತ್ತಿದ್ದಳು. "ಕೇಳು, ಯಾವಾಗಂತ ಮುಹೂರ್ತ?"

"ಹೇಳು ನಿಮ್ಮವ್ವಗ," ಗಾಡಿಯ ಕೆಳಗಿನಿಂದ ಅವನ ದನಿ ಬರುತ್ತಿತ್ತು. "ನನಗ ಪೂರಾ ಭರೋಸಾ ಬಂದಾಗ."

ಆ ಭರೋಸೆ ಅವನಿಗೆ ಬರಲೇ ಇಲ್ಲ.

•

ನಾಗವೇಣಿ ಓಡಿಸುತ್ತಿದ್ದಳು. ಪಕ್ಕದಲ್ಲಿ ಪೀರಾ ಸಾಬ್. ಹಿಂದೆ ನೆಲದ ಕೊಂಡಿಗಳಿಗೆ ಬಿಗಿದ ಕುರ್ಚಿಯಲ್ಲಿ ಗೋಪಮ್ಮ, ಎರಡೂ ಕೈಯಿಂದ ಮುಂದಿನ ಸೀಟಿನ ಕಂಬಿ ಹಿಡಿದು. ಗಾಡಿ ಹೊರಟದ್ದೇ ಅವಳ ಹಲ್ಲು ಕಟಕಟ ಎನ್ನತೊಡಗಿದವು.

ಕಲಮಲಾ ದಾಟಿದರು. ಇಕ್ಕೆಲದಲ್ಲಿ ಹತ್ತಿಯ ಒಣ ಕಟ್ಟಿಗೆ ನಿಂತ ಕಪ್ಪು ಹೊಲಗಳು. ರಸ್ತೆಯ ಪ್ರತಿ ಗುಂಡಿಗೂ ನಾಗವೇಣಿ ವೇಗ ಇಳಿಸುತ್ತಿದ್ದಳು. ಹಿಂದಿನಿಂದ ಬರುವ ಪ್ರತಿ ಸದ್ದನ್ನೂ ಅವಳು ಯಾವ ರಾಡಿನದೆಂದು ಲೆಕ್ಕ ಹಾಕುತ್ತಿದ್ದಳು.

ಗಬ್ಬೂರಾಚೆ ಕಾಲುವೆ ಕಾಣುತ್ತಿದ್ದಂತೆ ಗೋಪಮ್ಮ ಚೀರಿದಳು. "ನಿಲ್ಸು! ನಿಲ್ಸಬೇ!"

ಗಾಡಿ ನಿಂತಿತು. ಗೋಪಮ್ಮನ ಎದೆ ಬುಸುಗುಡುತ್ತಿತ್ತು, ತುಟಿ ನೀಲಿಯಾಗಿತ್ತು. ಪೀರಾ ಸಾಬ್ ನೀರು ಚಿಮುಕಿಸಿದ.

"ವಾಪಸ್ ಹೋಗಮೇನು ಅವ್ವಾ?" ನಾಗವೇಣಿ ಕೇಳಿದಳು.

ಗೋಪಮ್ಮ ತಲೆಯಾಡಿಸಿದಳು. ಹೌದೋ ಅಲ್ಲವೋ ತಿಳಿಯಲಿಲ್ಲ. ಉಸಿರು ಸಿಕ್ಕಾಗ ಅಂದಳು, "ಕೆಳಗ ಹೋಗಿ ನೋಡು."

ನಾಗವೇಣಿ ಕಾದ ಡಾಂಬರಿನ ಮೇಲೆ ಮಲಗಿ ಗಾಡಿಯ ಕೆಳಗೆ ಸರಿದಳು. ಪ್ರತಿ ಬೆಸುಗೆಯ ಮೇಲೆ ಬೆರಳಾಡಿಸಿದಳು. ಅಡ್ಡ ರಾಡನ್ನು ಹಿಡಿದು ಮೈಯೆಲ್ಲ ಬಲ ಹಾಕಿ ಜಗ್ಗಿದಳು.

"ಹಂಗೇ ಅದ ಅವ್ವಾ. ಅಲಗ್ಯಾಡವಲ್ದು."

"ಸುಳ್ಳು ಹೇಳಬ್ಯಾಡ ನನಗ."

"ನಿನ್ನಾಣಿಗೂ."

ಗೋಪಮ್ಮ ಕಣ್ಣು ಮುಚ್ಚಿಕೊಂಡಳು. "ನಡಿ ಹಂಗಾರ." ತಿರುವಿನಲ್ಲಿ ಅವಳು ಗಂಡನ ಹೆಸರು ಹಿಡಿದು ಕೂಗಿದಳು, ಬೈಗುಳವೋ ಮೊರೆಯೋ ಗೊತ್ತಾಗದಂಥ ಕೂಗು. ಗಾಡಿ ತಿರುವಿನ ಗೆರೆ ಹಿಡಿದು ಹೋಯಿತು. ಹಿಂಭಾಗ ಕದಲಲಿಲ್ಲ. ಪೀರಾ ಸಾಬ್ ಕಿಟಕಿಯ ಕಡೆ ಮುಖ ತಿರುಗಿಸಿ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡ.

ದೇವದುರ್ಗ ದಾಟಿ ಜಾಲಹಳ್ಳಿ ಮುಟ್ಟುವಾಗ ಬಿಸಿಲು ಕೆಂಪಾಗಿತ್ತು. ಊರ ಹೊರಗೆ ಮಣ್ಣು ಮಾಡುವ ಜಾಗ, ಅದರ ಮುಂದೆ ಹೊಲಕ್ಕೆ ನೀರು ಹಾಯುವ ಸಣ್ಣ ಕಾಲುವೆಯ ಏರಿ. ಟ್ರ್ಯಾಕ್ಟರು ಹತ್ತಿ ಇಳಿಯುವ ಏರಿ ಅದು. ನಾಗವೇಣಿ ವೇಗ ಕೊಟ್ಟು ಏರಿಸಿದಳು. ಒಮ್ನಿಯ ತಗ್ಗಿನ ನೆಲ ಮಣ್ಣಿಗೆ ಉಜ್ಜಿತು, ನಿಂತಿತು. ಹಿಂದಕ್ಕೆ ಬಂದು ಮತ್ತೆ ಏರಿಸಿದಳು. ಮತ್ತೆ ಉಜ್ಜಿತು. ಮೂಗು ಮೇಲೆ, ಹೊಟ್ಟೆ ನೆಲಕ್ಕೆ.

"ಹತ್ತಂಗಿಲ್ಲ ಇದು," ಎಂದ ಪೀರಾ ಸಾಬ್ ಮೆಲ್ಲಗೆ. "ಬಹಳ ತಗ್ಗದ."

ನಾಗವೇಣಿ ಸ್ಟೇರಿಂಗಿನ ಮೇಲೆ ಹಣೆ ಇಟ್ಟಳು. ಅವ್ವ ಸುಲಭವಾಗಿ ಹತ್ತಲಿ ಎಂದು ಅಪ್ಪ ಇಳಿಸಿದ ನೆಲ. ಏರಿಯಾಚೆ ಜನರ ಮಾತು ಕೇಳಿಸುತ್ತಿತ್ತು, ಗುದ್ದಲಿಯ ಸದ್ದು ಕೇಳಿಸುತ್ತಿತ್ತು. ಇಳಿದು ಬಂದು ಹಿಂದಿನ ಬಾಗಿಲು ತೆರೆದು ಹಲಗೆ ಹಾಸಿದಳು. ಕುರ್ಚಿಯನ್ನು ಉರುಳಿಸಿ ಮಣ್ಣಿಗೆ ಇಳಿಸಿದರು. ಉಕ್ಕೆ ಹೊಡೆದ ಹೆಂಟೆ ನೆಲದಲ್ಲಿ ಗಾಲಿಗಳು ಹೂತವು. ಗೋಪಮ್ಮ ಕತ್ತು ಚಾಚಿದಳು. ಅವಳಿಗೆ ಕಂಡದ್ದು ಏರಿಯ ಮಣ್ಣು, ಅದರ ಮೇಲೆ ಆಕಾಶ.

"ವಿನ್ಯಾ ಎಲ್ಲಿ? ಯಾವ್ದು ನನ್ನ ಮಗಂದು?"

"ಆ ಕಡಿಗಿ ಅದ ಅವ್ವಾ. ಜಾಲಿಗಿಡದ ಬಲ್ಲಿ."

"ಕಾಣವಲ್ದು. ಏನೂ ಕಾಣವಲ್ದು ನನಗ."

ಆನಂದ ಏರಿಯ ಮೇಲೆ ಬಂದು ನಿಂತ. ಕೈಗೆಲ್ಲ ಮಣ್ಣು. ಸಿಕ್ಕಿಬಿದ್ದ ಗಾಡಿ, ಹೂತ ಗಾಲಿ, ಅತ್ತಿಗೆಯ ಮುಖ, ಎಲ್ಲವನ್ನೂ ನೋಡಿದ.

"ನಾಕ್ ಮಂದಿ ಸೇರಿ ಎತ್ತತೀವಿ ವೈನಿ," ಎಂದ. "ಕುರ್ಚಿ ಸಮೇತ."

"ಮುಟ್ಟಬ್ಯಾಡ್ರಿ!" ಗೋಪಮ್ಮ ಕೂಗಿದಳು. ಬೆನ್ನು ಮುರಿದ ದಿನ ಕಾಲುವೆಯಿಂದ ಅವಳನ್ನು ನಾಲ್ಕು ಮಂದಿ ಎತ್ತಿದ್ದರು. ಆ ಎತ್ತುವಿಕೆಯನ್ನು ಅವಳ ಮೈ ಇನ್ನೂ ಮರೆತಿರಲಿಲ್ಲ. ಒಬ್ಬ ಹತ್ತಿರ ಬರುತ್ತಲೇ ಉಸಿರು ಮತ್ತೆ ಕಟ್ಟಿತು. ನಾಗವೇಣಿ ಅಡ್ಡ ನಿಂತಳು.

ಆನಂದ ಏರಿಯ ಆಚೆ ತಿರುಗಿದ. "ಅಣ್ಣನ್ನ ಎತ್ರಿ. ಈ ಕಡಿ ತರ್ರಿ."

"ಕುಣಿ ಬಾಯಿಗಿ ಬಂದ ಹೆಣ ಹಿಂದಕ ಒಯ್ತಾರೇನು?" ಒಬ್ಬ ಹಿರಿಯನ ದನಿ. "ಊರಿಗಿ ಒಳ್ಳೇದಾಗಂಗಿಲ್ಲ ಆನಂದಾ."

"ಕೆಟ್ಟದ್ದು ಆಗೂದಿದ್ರ ನನ್ನ ಮನಿಗಿ ಆಗ್ಲಿ," ಎಂದ ಆನಂದ. "ಎತ್ರಿ."

ಚಟ್ಟ ಏರಿ ಹತ್ತಿತು, ಇಳಿಯಿತು. ಕುರ್ಚಿಯ ಪಕ್ಕ ನೆಲಕ್ಕೆ ಇಟ್ಟರು. ಆನಂದ ಬಿಳಿ ಬಟ್ಟೆ ಸರಿಸಿದ. ಬಿಸಿಲು ತನ್ನ ಕೆಲಸ ಮಾಡಿತ್ತು. ಹತ್ತಿರ ನಿಂತವರು ಮುಖ ತಿರುಗಿಸಿಕೊಂಡರು. ಗೋಪಮ್ಮ ತಿರುಗಿಸಲಿಲ್ಲ. ಕುರ್ಚಿಯಿಂದ ಬಗ್ಗಿ, ಬಗ್ಗಿ, ಇನ್ನೇನು ಬೀಳುತ್ತಾಳೆ ಎನ್ನುವಷ್ಟು ಬಗ್ಗಿ, ಅವನ ಗದ್ದ ಹಿಡಿದಳು.

"ಅಲಗ್ಯಾಡಲಿಲ್ಲ ನೋಡು," ಎಂದಳು. "ಕೇಳಿಸ್ತೇನು? ಅಲಗ್ಯಾಡಲಿಲ್ಲ."

ಆನಂದ ಏರಿಯಾಚೆ ಹೋಗಿ, ಎರಡು ಕೈಯಲ್ಲೂ ಮಣ್ಣು ತಂದ. "ಇದು ಅಣ್ಣನ ಕುಣೀದು. ಇದು ವಿನ್ಯಾನ ಕುಣಿ ಮ್ಯಾಲಿಂದು. ಒಂದೊಂದು ಹಿಡಿ ಅಣ್ಣನ ಮ್ಯಾಲ ಹಾಕು ವೈನಿ. ಆಮ್ಯಾಲ ಒಯ್ತೀವಿ."

ಗೋಪಮ್ಮ ಗಂಡನ ಕುಣಿಯ ಮಣ್ಣನ್ನು ಅವನ ಎದೆಯ ಮೇಲೆ ಬಿಟ್ಟಳು. ಮಗನದನ್ನು ಬಲಗೈಯಲ್ಲಿ ಹಿಡಿದಳು. ಚಟ್ಟ ಎತ್ತುವವರು ಬಗ್ಗಿ ಕಾದರು. ಸೂರ್ಯ ಏರಿಯ ಹಿಂದೆ ಇಳಿದ.

"ಹಾಕು ಅವ್ವಾ," ಎಂದಳು ನಾಗವೇಣಿ.

ಮುಷ್ಟಿ ಬಿಚ್ಚಲಿಲ್ಲ. ನಾಗವೇಣಿ ಮೊಣಕಾಲೂರಿ ಅವ್ವನ ಬೆರಳೊಂದನ್ನು ಬಿಡಿಸಲು ನೋಡಿದಳು. ಅದು ಬರಲಿಲ್ಲ. ಬೆವರಿಗೆ ಕೆಸರಾದ ಆ ಕಪ್ಪು ಮಣ್ಣು ಗೆಣ್ಣುಗಳ ಸಂದಿನಿಂದ ಜಿನುಗಿ ಮಣಿಕಟ್ಟಿಗೆ ಇಳಿಯುತ್ತಿತ್ತು. ಗೋಪಮ್ಮ ಇನ್ನೊಂದು ಕೈಯಿಂದ ಅದನ್ನು ಮೇಲಕ್ಕೆ ಒರೆಸಿ ಮತ್ತೆ ಮುಷ್ಟಿಯೊಳಗೆ ತುಂಬಿಕೊಳ್ಳುತ್ತಿದ್ದಳು.